ಪೆಡಲ್ ಫಾಲ್ಟ್: ಮುಚ್ಚಿದೆ

ಮಾರ್ಚ್ 4, ಸೋಮವಾರ

ಅಣ್ಣಾ,

ಕೊಡುತ್ತೇವೆಂದು ಹೇಳಿದ್ದು ಹನ್ನೊಂದು ಕಾರಿಗೆ ಹನ್ನೊಂದು ಹೊಸ ಆಕ್ಸಿಲರೇಟರ್ ಪೆಡಲ್. ಒಂದೂ ಕೊಡಲಿಲ್ಲ.

ಕೊಡುತ್ತೇವೆಂದು ಹೇಳಿದ್ದು ಪ್ರತಿ ಕಾರಿಗೆ ಒಂದು ಪೂರ್ತಿ ದಿನದ ಪರೀಕ್ಷೆ. ಕೊಟ್ಟದ್ದು ಮುಕ್ಕಾಲು ಗಂಟೆ, ಅದೂ ಊಟದ ಹೊತ್ತು ಸೇರಿಸಿ.

ಟ್ರಯಲ್ ಅಂಗಳದ ಗೋಡೆಗೆ ಹಳೆ ಟೈರು ಜೋಡಿಸುತ್ತೇವೆ ಎಂದರು. ಜೋಡಿಸಲಿಲ್ಲ. ಅವಘಡವಾದರೆ ಕೆಲಸಗಾರರ ಸಮಿತಿಯ ಮುಂದೆ ವಿಚಾರಣೆ ಎಂದು ಬರೆದೇ ಕೊಟ್ಟಿದ್ದರು. ಈಗ ಕೇಳಿದರೆ ಯಜಮಾನ ಹೇಳುತ್ತಾನೆ: "ವಿಚಾರಣೆ ಯಾತಕ್ಕೆ? ವೈರಿಂಗ್ ಮಾಡಿದ್ದು ಯಾರು ಅಂತ ಗೊತ್ತಲ್ಲ."

ವೈರಿಂಗ್ ಮಾಡಿದ್ದು ನಾನು.

ಗೇಟಿನಲ್ಲಿ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಗೆ ಹೋಗಿ ನಿನಗೆ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ್ದನ್ನು ಫೈಲಿಗೆ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನೀನೂ ಬರೆದೇ ಉತ್ತರ ಕೊಡು.

ಹೋದ ಗುರುವಾರ ಮಧ್ಯಾಹ್ನ ಒಂದನೇ ನಂಬರಿನ ಕಾರು ಅಂಗಳಕ್ಕಿಳಿಯಿತು. ಓಡಿಸಿದ್ದು ಮಿಲಿಟರಿ. ನಿನಗೆ ಗೊತ್ತಲ್ಲ, ಸೈನ್ಯದಲ್ಲಿ ಲಾರಿ ಓಡಿಸಿ ಬಂದವನು, ನಮ್ಮ ಟ್ರಯಲ್ ಡ್ರೈವರ್. ಎರಡನೇ ಸುತ್ತಿನಲ್ಲಿ ಅವನು ಪೆಡಲಿನಿಂದ ಕಾಲು ತೆಗೆದ. ಎಂಜಿನ್ ಇಳಿಯುವುದರ ಬದಲು ಏರಿತು. ಬ್ರೇಕ್ ತುಳಿದ. ಜಾಗ ಸಾಲಲಿಲ್ಲ. ಬರೀ ಗೋಡೆ. ಬಲಗಾಲು ಎರಡು ಕಡೆ ಮುರಿದಿದೆ. ಮತ್ತೆ ಪೆಡಲ್ ಒತ್ತುವ ಕಾಲಾಗುತ್ತದೋ ಇಲ್ಲವೋ, ಡಾಕ್ಟರು ಬಾಯಿ ಬಿಡುತ್ತಿಲ್ಲ.

ಉಳಿದ ಹತ್ತು ಕಾರು ಶೆಡ್ಡಿನಲ್ಲಿವೆ. ಎಲ್ಲವೂ ಹಳೆಯ ಮೈ, ಹೊಸ ಎಂಜಿನ್. ಎಂಜಿನ್ ಜೊತೆಗೆ ಬಂದ, ಅದನ್ನು ನಡೆಸುವ ಕಂಪನಿ ಕಂಪ್ಯೂಟರ್ ಡಬ್ಬಗಳನ್ನು ನಾನು ನಿನಗೆ ಪಾರ್ಸಲ್ ಮಾಡಿದ್ದೆ. ನೀನು ಅವುಗಳ ಪ್ರೋಗ್ರಾಂ ತಿದ್ದಿ ಹಳೆ ಮೈಗೆ ಪಳಗಿಸಿ ವಾಪಸ್ ಕಳಿಸಿದ್ದೆ. ಯಜಮಾನ ಈಗ ಹೊಸ ರಾಗ ತೆಗೆದಿದ್ದಾನೆ. ಹತ್ತೂ ಕಂಪನಿ ಡಬ್ಬ ಕಿತ್ತು ಗುಜರಿಗೆ ಹಾಕಬೇಕಂತೆ, ಅಂಗಡಿಯಲ್ಲಿ ಸಿಗುವ ಹೊರಗಿನ ಡಬ್ಬ ಕೂರಿಸಬೇಕಂತೆ, ನನ್ನನ್ನು ಮನೆಗೆ ಕಳಿಸಬೇಕಂತೆ. ಈ ಮೂರೂ ಒಂದೇ ನೋಟೀಸಿನಲ್ಲಿವೆ.

ಸಮಿತಿಯವರು ಕೇಳುತ್ತಿದ್ದಾರೆ: ಯಾವ ಡಬ್ಬ ಸರಿ? ಬಾಡಿಗೆಗೆ ಓಡುವ ಕಾರು ಇವು, ಹತ್ತು ಡ್ರೈವರುಗಳ ಹೆಂಡಿರು ಮಕ್ಕಳು ಕಾಯುವ ಕಾರು. ನಿನಗೆ ತಿಳಿದದ್ದನ್ನು ಅಡ್ಡಗೋಡೆಯ ಮೇಲೆ ದೀಪ ಇಡದೆ ಬರೆ.

ನಿನ್ನ ತಂಗಿ

*

ಮಾರ್ಚ್ 9, ಶನಿವಾರ

ತಂಗೀ,

ನಿನ್ನ ಕಾಗದ ಗುರುವಾರ ಸಿಕ್ಕಿತು. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನನ್ನನ್ನು ಕೇಳಿದರೆ ಹೊರಗಿನ ಡಬ್ಬವೇ ಸರಿ. ಕಂಪನಿ ಡಬ್ಬ ಹುಟ್ಟಿದ್ದು ಬೇರೆ ಕಾರಿಗೆ. ತನ್ನ ಕೀ ಎಲ್ಲಿ, ತನ್ನ ಗೇರ್‌ಬಾಕ್ಸ್ ಎಲ್ಲಿ, ತನ್ನ ಮೀಟರ್ ಎಲ್ಲಿ ಎಂದು ಹುಡುಕುತ್ತಲೇ ಇರುತ್ತದೆ. ಅದಕ್ಕೆ ಒಂದೊಂದಕ್ಕೂ ಸುಳ್ಳು ಹೇಳಿ ಸಮಾಧಾನ ಮಾಡಬೇಕು. ಹೊರಗಿನದು ಹಾಗಲ್ಲ. ಖಾಲಿ ಸ್ಲೇಟು. ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಯಾವ ಸೆನ್ಸರ್, ಎಲ್ಲ ನಾವೇ ಬರೆಯಬಹುದು. ಮುಂದೆ ಟರ್ಬೊ ಹಾಕಿದರೂ ತೊಂದರೆಯಿಲ್ಲ. ಕಂಪನಿಯವರ ಗುಟ್ಟು ಒಡೆಯಲು ತಲೆ ಕೆರೆದುಕೊಳ್ಳಬೇಕಾಗಿಲ್ಲ.

ನಿಮ್ಮ ಯಜಮಾನ ಹೇಳುವುದೆಲ್ಲ ತಪ್ಪೆಂದು ಹಟ ಹಿಡಿಯಬೇಡ. ಕೆಲವೊಮ್ಮೆ ಕತ್ತೆಯೂ ಸರಿಯಾದ ದಾರಿಯಲ್ಲೇ ನಡೆಯುತ್ತದೆ.

ಒಂದು ಮಾತು. ಡಬ್ಬಗಳನ್ನು ಗುಜರಿಗೆ ಹಾಕಲು ಬಿಡಬೇಡ. ಹತ್ತನ್ನೂ ನನಗೆ ಪಾರ್ಸಲ್ ಮಾಡು. ಒಂದನೇ ಕಾರಿನ ಡಬ್ಬ ಚೆನ್ನಾಗಿದ್ದರೆ ಅದನ್ನೂ. ಬೇರೆಯವರ ಕೈಗೆ ಕೊಡಬೇಡ. ಆದಷ್ಟು ಈ ವಾರವೇ ಕಳಿಸು. ಸಿಕ್ಕಿದ ತಕ್ಷಣ ಒಂದು ಸಾಲು ಬರೆಯುತ್ತೇನೆ.

ಅಣ್ಣ

*

ಮಾರ್ಚ್ 13, ಬುಧವಾರ

ಅಣ್ಣಾ,

ನಿನ್ನ ಕಾಗದವನ್ನು ಸಮಿತಿಯಲ್ಲಿ ಓದಿದೆ. ಓದಿ ಮುಗಿಸಿದ ಮೇಲೆ ನಮ್ಮ ವೆಲ್ಡರಣ್ಣ, ಅವರೇ ಸಮಿತಿಯ ಅಧ್ಯಕ್ಷರು, ಮುಖ ಒರೆಸಿಕೊಂಡು ಕೇಳಿದರು: "ವೈರಮ್ಮ, ನಿಮ್ಮಣ್ಣ ಇರೋದು ನಮ್ಮ ಕಡೆನಾ, ಆ ಕಡೆನಾ?"

ನೀನು ಡಬ್ಬದ ಬಗ್ಗೆ ನಾಲ್ಕು ಸಲ ಕೇಳಿದ್ದೀಯ. ಕಾಲು ಮುರಿದವನ ಬಗ್ಗೆ ಒಂದು ಸಲವೂ ಕೇಳಿಲ್ಲ.

ಖಾಲಿ ಸ್ಲೇಟು ಎಂದೆಯಲ್ಲ, ಅದೇ ನನ್ನ ಭಯ. ಹೊರಗಿನ ಡಬ್ಬದಲ್ಲಿ ತಪ್ಪು ಹಿಡಿಯುವ ಕಾವಲು ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಕೂತು ಒಂದೊಂದೇ ಬರೆಯಬೇಕು, ಒಂದೊಂದನ್ನೂ ಪರೀಕ್ಷೆ ಮಾಡಬೇಕು. ಪೆಡಲ್ ಹಾಕಲು ಮನಸ್ಸಿಲ್ಲದವನು, ಗೋಡೆಗೆ ಹಳೆ ಟೈರು ಕಟ್ಟಲು ಸೊಂಟ ಬಗ್ಗಿಸದವನು, ಅದಕ್ಕೆ ದಿನ ಕೊಡುತ್ತಾನೆಯೇ? ಅವನ ಬಾಯಿಂದಲೇ ಕೇಳಿಸಿಕೊಂಡೆ.

"ಹೊರಗಿನ ಡಬ್ಬ ಬಂದ್ರೆ ಎರಡು ದಿನದಲ್ಲಿ ಹತ್ತೂ ಗಾಡಿ ಆಚೆಗೆ. ಪಾಸ್‌ವರ್ಡ್ ನನ್ ಹತ್ರ ಇರುತ್ತೆ. ಯಾರೂ ಕೈ ಹಾಕೋ ಹಾಗಿಲ್ಲ."

"ಏನಾದ್ರೂ ಆದ್ರೆ ಯಾರು ನೋಡ್ಬೇಕು, ಸಾರ್?" ಅಂದೆ.

"ಆದ್ರೆ ತಾನೆ?"

"ಆಗಿದೆಯಲ್ಲ ಸಾರ್. ಆಸ್ಪತ್ರೆಯಲ್ಲಿ ಮಲಗಿದೆ."

"ನೀನು ಮೊದ್ಲು ನೆಟ್ಟಗೆ ಒಂದು ವೈರ್ ಕಟ್ಟೋದು ಕಲಿ."

ಅದು ಚುಚ್ಚಿತು, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ನಾನು ಗುಟ್ಟು ಮಾಡುವುದಿಲ್ಲ. ಒಂದನೇ ಕಾರಿನ ವೈರಿಂಗನ್ನು ನಾನೇ ಬಿಚ್ಚಿ ನೋಡಿದೆ. ಸ್ಟೇರಿಂಗ್ ಕೆಳಗಿನ ಪಟ್ಟಿಗೆ ವೈರಿನ ಕಟ್ಟು ಉಜ್ಜಿ ಸವೆದಿದೆ. ಪೆಡಲಿನ ಒಂದು ಸೆನ್ಸರ್ ವೈರು ಪಕ್ಕದ ಐದು ವೋಲ್ಟಿನ ವೈರಿಗೆ ತಾಗಿದೆ. ಅಲ್ಲಿ ಒಂದು ಕ್ಲಿಪ್ ಹಾಕಬೇಕಿತ್ತು. ಹಾಕಿಲ್ಲ. ಅದು ನನ್ನ ಕೈಯ ತಪ್ಪು. ಸಮಿತಿಯ ಮುಂದೆ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ಆದರೆ ಪೆಡಲಿನಲ್ಲಿ ಸೆನ್ಸರ್ ಇರುವುದು ಒಂದಲ್ಲ, ಎರಡು. ಇಬ್ಬರು ಸಾಕ್ಷಿಗಳಿದ್ದ ಹಾಗೆ. ಇಬ್ಬರ ಮಾತು ತಾಳೆಯಾಗದಿದ್ದರೆ ಕಂಪನಿ ಡಬ್ಬ ಇಬ್ಬರನ್ನೂ ನಂಬುವುದಿಲ್ಲ. ಮೀಟರಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ, ಎಂಜಿನನ್ನು ಕುಂಟಿಸುತ್ತದೆ, ಕಾರು ಆಮೆಯ ಹಾಗೆ ತೆವಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವನೇ ನೀನು. ವೈರು ಸವೆದರೆ ಕಾರು ನಿಲ್ಲಬೇಕಿತ್ತು. ಗೋಡೆಗೆ ಹಾರಿತು.

ಡಬ್ಬ ಯಾಕೆ ಸುಮ್ಮನಿತ್ತು? ಇದಕ್ಕೆ ಉತ್ತರ ಬರೆ.

ಡಬ್ಬಗಳನ್ನು ಕಳಿಸುವುದಿಲ್ಲ. ಹತ್ತೂ ಕಾರಿನ ಬೀಗದ ಕೈ ಸಮಿತಿಯ ಬಳಿ ಇದೆ.

ತಂಗಿ

*

ಮಾರ್ಚ್ 18, ಸೋಮವಾರ

ತಂಗೀ,

ಇಲ್ಲಿ ಕೆಲಸ ಮೈಮೇಲಿದೆ. ಉದ್ದ ಬರೆಯಲು ಬಿಡುವಿಲ್ಲ.

ದೀಪದ ಬಲ್ಬೇ ಹೋಗಿರಬಹುದು. ಡಬ್ಬಕ್ಕೆ ನೀರು ತಾಗಿರಬಹುದು. ನೋಡದೆ ಹೇಳುವುದು ಕಷ್ಟ. ಇಂಥ ವಿಷಯ ಕಾಗದದಲ್ಲಿ ಬೇಡ. ಮನೆಯಿಂದ ಒಂದು ಫೋನ್ ಮಾಡು, ಎಲ್ಲ ಹೇಳುತ್ತೇನೆ. ನನ್ನ ಕಾಗದಗಳನ್ನು ಸಮಿತಿಯಲ್ಲಿ ಓದಬೇಡ. ನಾನು ಬರೆಯುವುದು ನಿನಗೆ.

ಮಿಲಿಟರಿ ಹೇಗಿದ್ದಾನೆ?

ಅಣ್ಣ

*

ಮಾರ್ಚ್ 22, ಶುಕ್ರವಾರ

ಅಣ್ಣನವರಿಗೆ,

ಫೋನ್ ಮಾಡುವುದಿಲ್ಲ.

ಬುಧವಾರ ಏಳನೇ ನಂಬರಿನ ಕಾರನ್ನು ಲಿಫ್ಟಿಗೆ ಏರಿಸಿದೆವು. ಚಕ್ರ ಗಾಳಿಯಲ್ಲಿ. ಸುತ್ತ ಹದಿನಾಲ್ಕು ಜನ. ಮೊದಲು ದೀಪ ನೋಡಿದೆವು: ಕೀ ತಿರುಗಿಸಿದಾಗ ಹೊತ್ತಿತು, ಬಲ್ಬು ಗಟ್ಟಿಯಾಗಿದೆ. ಡಬ್ಬ ಬಿಚ್ಚಿ ನೋಡಿದೆವು: ಒಂದು ಹನಿ ನೀರಿಲ್ಲ. ಎಂಜಿನ್ ಚಾಲೂ ಮಾಡಿ, ಪೆಡಲಿನ ಎರಡು ಸೆನ್ಸರ್ ವೈರಿನಲ್ಲಿ ಒಂದನ್ನು ಕಿತ್ತೆ. ದೀಪ ಹೊತ್ತಲಿಲ್ಲ. ಎಂಜಿನ್ ಕುಂಟಲಿಲ್ಲ. ಇನ್ನೊಂದನ್ನು ಹಾಗೇ ಬಿಟ್ಟು, ಕಿತ್ತ ವೈರಿಗೆ ಐದು ವೋಲ್ಟ್ ಮುಟ್ಟಿಸಿದೆ.

ಎಂಜಿನ್ ಕಿರುಚಿಕೊಂಡಿತು. ಪೆಡಲಿನ ಮೇಲೆ ಯಾರ ಕಾಲೂ ಇರಲಿಲ್ಲ.

ವೆಲ್ಡರಣ್ಣ ಕೀ ತಿರುಗಿಸಿ ನಿಲ್ಲಿಸಿದರು. ನಾನು ಸ್ಟೋರಿಗೆ ಹೋಗಿ, ನೀವು ಡಬ್ಬದ ಜೊತೆ ಕಳಿಸಿದ್ದ ಚೀಟಿಗಳನ್ನು ತೆಗೆಸಿದೆ. ಹನ್ನೊಂದು ಚೀಟಿ, ಒಂದೇ ಅಕ್ಷರ, ಒಂದೇ ಪೆನ್ನು. ಕೀ ಬೀಗ: ತೆಗೆದಿದೆ. ಗೇರ್ ಸಂದೇಶ: ತೆಗೆದಿದೆ. ಪೆಡಲ್ ಫಾಲ್ಟ್: ಮುಚ್ಚಿದೆ.

ಸ್ಟೋರ್ ಮಾಸ್ತರು ಕನ್ನಡಕ ಏರಿಸಿಕೊಂಡು ಕೇಳಿದರು: "ಮುಚ್ಚಿದೆ ಅಂದ್ರೆ ಏನಮ್ಮ?"

"ಅದೇ ಮಾಸ್ತರೇ, ರಿಪೇರಿ ಆಯ್ತು, ಕೆಲಸ ಮುಗೀತು ಅಂತ. ನಮ್ಮ ಜಾಬ್ ಕಾರ್ಡಿನಲ್ಲೂ ಹಾಗೇ ಬರೀತೀವಲ್ಲ."

"ಗುಂಡಿ ತೋಡಿ ಹೆಣ ಹಾಕಿನೂ ಮುಚ್ತಾರಲ್ಲಮ್ಮ."

ಅವರು ತಮಾಷೆಗೆ ಅಂದರು. ನಾನು ಹನ್ನೊಂದೂ ಚೀಟಿಯನ್ನು ಮತ್ತೆ ಮೊದಲಿನಿಂದ ಓದಿದೆ.

ಈಗ ನೇರವಾಗಿ ಕೇಳುತ್ತೇನೆ. ಹಳೆಯ ಪೆಡಲಿನ ಲೆಕ್ಕವನ್ನು ಡಬ್ಬಕ್ಕೆ ಕಲಿಸಿ ಫಾಲ್ಟ್ ವಾಸಿ ಮಾಡಿದಿರೋ, ಅಥವಾ ಫಾಲ್ಟ್ ಬಾಯಿಗೆ ಬಟ್ಟೆ ತುರುಕಿದಿರೋ? ಯಜಮಾನ ನಿಮಗೂ ಏನಾದರೂ ಬರೆದಿದ್ದಾನೋ? ಅವನು ಹೊರಗಿನ ಡಬ್ಬ ಎಂದ ವಾರದಲ್ಲೇ ನೀವೂ ಹೊರಗಿನ ಡಬ್ಬ ಎಂದಿರಿ. ಅವನು ಗುಜರಿಗೆ ಎಂದ, ನೀವು ನನಗೆ ಕಳಿಸು ಎಂದಿರಿ. ಎರಡು ದಾರಿಯಲ್ಲೂ ಸಾಕ್ಷಿ ಈ ಶೆಡ್ಡಿನಿಂದ ಮಾಯ.

ಇವತ್ತು ಬೆಳಿಗ್ಗೆ ಡಬ್ಬ ಒಯ್ಯಲು ಅವನು ಲಾರಿ ಕಳಿಸಿದ. ನಾವು ಶೆಡ್ಡಿನ ಬಾಗಿಲಲ್ಲಿ ಕೂತೆವು. ಲಾರಿಯವನು ಅರ್ಧ ಗಂಟೆ ಹಾರ್ನ್ ಹೊಡೆದು, "ನಿಮ್ ಜಗಳ ನೀವೇ ನೋಡ್ಕೊಳ್ಳಿ" ಎಂದು ಹಿಂದಕ್ಕೆ ಹೊರಳಿದ. ನಾಳೆ ಇನ್ನೊಂದು ಬರುತ್ತದೆ. ಆಗಲೂ ಕೂರುತ್ತೇವೆ.

ಒಂದು ವಾರ ಕಾಯುತ್ತೇನೆ. ಆಮೇಲೆ ಚೀಟಿಗಳು ಸರ್ಕಾರದ ಸುರಕ್ಷತಾ ಅಧಿಕಾರಿಯ ಮೇಜಿಗೆ.

ವೈರಿಂಗ್ ಕೆಲಸದವಳು

*

ಮಾರ್ಚ್ 26, ಮಂಗಳವಾರ

ತಂಗೀ,

ನೀನು ನನ್ನನ್ನು ನೀವು ಎಂದು ಕರೆದದ್ದು ಇದೇ ಮೊದಲು. ಅದಕ್ಕೆ ಕೋಪವಿಲ್ಲ. ಉತ್ತರ ಕೊಡುತ್ತೇನೆ. ಸಮಿತಿಯಲ್ಲಿ ಓದು. ಯಾರ ಮುಂದೆ ಬೇಕಾದರೂ ಓದು.

ಬಟ್ಟೆ ತುರುಕಿದೆ.

ನಮ್ಮ ಕೋಣೆಯಲ್ಲಿ ಮುಚ್ಚುವುದು ಎಂದರೆ ಅದೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಆಡುವ ಮಾತು. "ಆ ಫಾಲ್ಟ್ ಮುಚ್ಚಿಬಿಡು ಗುರು" ಎಂದರೆ ಡಬ್ಬ ಅದನ್ನು ನೋಡದ ಹಾಗೆ ಮಾಡು ಎಂದರ್ಥ. ವಾಸಿ ಮಾಡಿದರೆ "ಸರಿಮಾಡಿದೆ" ಎನ್ನುತ್ತೇವೆ. ನಿಮ್ಮಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ ಎಂದು ನನ್ನ ತಲೆಗೆ ಬರಲೇ ಇಲ್ಲ. ನಿಮ್ಮ ಜಾಬ್ ಕಾರ್ಡನ್ನು ನಾನು ಕಂಡವನೇ ಅಲ್ಲ.

ಜನವರಿಯಲ್ಲಿ ನೀನು ಬರೆದಿದ್ದೆ, ಹೊಸ ಪೆಡಲ್ ಬರುತ್ತದೆ ಎಂದು. ಹಳೆಯ ಪೆಡಲಿನ ಎರಡನೇ ಸೆನ್ಸರ್ ಈ ಡಬ್ಬಕ್ಕೆ ಅರ್ಥವಾಗದ ಲೆಕ್ಕ ಹೇಳುತ್ತದೆ. ಹಾಗಾಗಿ ಎರಡನೇ ಸಾಕ್ಷಿಯನ್ನು ಕೋರ್ಟಿನಿಂದಾಚೆ ಕಳಿಸಿ, ಮೊದಲನೆಯವನ ಮಾತನ್ನೇ ನಂಬು ಎಂದು ಡಬ್ಬಕ್ಕೆ ಹೇಳಿದೆ. ಪೆಡಲ್ ಬರುವವರೆಗೆ ನೀನು ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿ ನೋಡಬೇಕಲ್ಲ, ಅದಕ್ಕಷ್ಟೇ. ಪೆಡಲ್ ಬಂದ ಮೇಲೆ ಡಬ್ಬಗಳು ಮತ್ತೆ ನನ್ನ ಬಳಿ ಬರುತ್ತವೆ, ತೆರೆಯುತ್ತೇನೆ ಎಂದುಕೊಂಡೆ. "ಸದ್ಯಕ್ಕೆ" ಎಂಬ ಒಂದು ಮಾತು ಬರೆಯಬೇಕಿತ್ತು. ಹನ್ನೊಂದು ಸಲ ಚೀಟಿ ಬರೆದೆ, ಹನ್ನೊಂದು ಸಲವೂ ಬರೆಯಲಿಲ್ಲ. ಹನ್ನೊಂದನೆಯ ಹೊತ್ತಿಗೆ ಕೈ ಬರೆಯುತ್ತಿತ್ತು, ತಲೆಯಲ್ಲ.

ನಿನ್ನ ಮೊದಲ ಕಾಗದದಲ್ಲಿ "ಕಾಲು ತೆಗೆದ, ಎಂಜಿನ್ ಏರಿತು" ಎಂಬಲ್ಲೇ ನನಗೆ ಗೊತ್ತಾಯಿತು. ಅದೇ ದಿನ ನಿಮ್ಮ ಯಜಮಾನನ ಕಾಗದವೂ ಬಂತು. ಅವನ ಮಾತನ್ನು ಹಾಗೇ ಇಲ್ಲಿ ಬರೆಯುತ್ತೇನೆ: "ಡಬ್ಬದ ವಿಷಯ ನೀವು ಎತ್ತಬೇಡಿ, ನಿಮ್ಮ ಹೆಸರು ನಾವು ಎತ್ತುವುದಿಲ್ಲ. ತಪ್ಪು ವೈರಿಂಗಿನದು ಎಂದು ಮುಗಿಸೋಣ." ನಿನ್ನ ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನಾನು ಉತ್ತರ ಬರೆಯದೆ ಕೂತೆ. ಬೇಡ ಎನ್ನಲಿಲ್ಲ. ಅದೇ ಒಪ್ಪಿಗೆ. ಹೊರಗಿನ ಡಬ್ಬ ಹಾಕಿಸಿ, ಹಳೆಯವನ್ನು ಕಳಿಸು ಎಂದೆ. ನನ್ನ ಕೈಗುರುತು ಒರೆಸಲು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ಈಗ ನೀನು ಕೇಳಿದ ಪ್ರಶ್ನೆ. ಕಂಪನಿ ಡಬ್ಬ ದೇವರು, ಹೊರಗಿನದು ದೆವ್ವ ಎಂದು ಬ್ಯಾನರ್ ಬರೆಯಬೇಡಿ. ರೇಸ್ ಕಾರಿಗೆ, ದಿನವಿಡೀ ಲ್ಯಾಪ್‌ಟಾಪ್ ಹಿಡಿದು ಪಕ್ಕದಲ್ಲೇ ಕೂರುವ ತಜ್ಞನಿದ್ದರೆ, ಹೊರಗಿನದೇ ಸರಿ. ನಿಮ್ಮದು ಬಾಡಿಗೆ ಕಾರು. ಚಳಿಯಲ್ಲಿ ಚಾಲೂ ಆಗಬೇಕು, ಬಿಸಿಲಲ್ಲಿ ಸಾಲಿನಲ್ಲಿ ನಿಲ್ಲಬೇಕು, ದಾರಿಯ ಯಾವ ಗ್ಯಾರೇಜಿನವನೂ ಸಾದಾ ಸ್ಕ್ಯಾನರ್ ಚುಚ್ಚಿ ಫಾಲ್ಟ್ ಓದುವಂತಿರಬೇಕು. ಕಂಪನಿಯವರು ವರ್ಷಗಟ್ಟಲೆ ಕೂತು ಬರೆದ ಕಾವಲು ಅದರಲ್ಲಿದೆ. ಆದ್ದರಿಂದ ಕಂಪನಿ ಡಬ್ಬ, ಅದರದೇ ಪೆಡಲ್, ಮುಚ್ಚಿದ್ದೆಲ್ಲ ತೆರೆದು. ಪೆಡಲ್ ಇಲ್ಲದಿದ್ದರೆ ಕಾರೂ ಇಲ್ಲ.

ಒಂದೇ ಒಂದು ನನಗೆ ಅರ್ಥವಾಗುತ್ತಿಲ್ಲ. ಪೆಡಲ್ ಬೇಡ ಎಂದವರು ಯಾರು? ಯಜಮಾನ ಬರೆಯುತ್ತಾನೆ, "ನಿಮ್ಮ ತಂಗಿಯೇ ಸಹಿ ಹಾಕಿದ್ದಾರೆ" ಎಂದು. ಸುಳ್ಳು ಎಂದುಕೊಂಡಿದ್ದೇನೆ. ನಿನ್ನ ಬಾಯಿಂದ ಕೇಳಬೇಕು.

ಅಣ್ಣ

*

ಮಾರ್ಚ್ 30, ಶನಿವಾರ

ಅಣ್ಣಾ,

ಸುಳ್ಳಲ್ಲ.

ಫೆಬ್ರವರಿಯಲ್ಲಿ ಅವನು ಚೀಟಿ ಹಿಡಿದು ನನ್ನ ಬೆಂಚಿಗೆ ಬಂದ. "ನಿಮ್ಮಣ್ಣನೇ ಬರ್ದಿದಾನೆ, ಪೆಡಲ್ ಫಾಲ್ಟ್ ಮುಚ್ಚಿದೆ ಅಂತ. ಇನ್ನು ಹೊಸ ಪೆಡಲ್ ಯಾಕೆ? ಬೇಡ ಅಂತ ಒಂದು ಗೀಟು ಹಾಕು." ನಾನು ಓದಿದೆ. ನಿನ್ನ ಅಕ್ಷರ. ನಮ್ಮಣ್ಣ ಬುದ್ಧಿವಂತ, ಹಳೆ ಪೆಡಲನ್ನೇ ಪಳಗಿಸಿಬಿಟ್ಟ ಎಂದು ಉಬ್ಬಿಹೋದೆ. ನಿನಗೆ ಒಂದು ಸಾಲು ಬರೆದು ಕೇಳಲಿಲ್ಲ. ಒಂದು ವೈರು ಕಿತ್ತು ನೋಡಲಿಲ್ಲ. ಸಹಿ ಹಾಕಿದೆ. ಮೊದಲ ಕಾಗದದಲ್ಲಿ "ಪೆಡಲ್ ಕೊಡಲಿಲ್ಲ" ಎಂದು ನಾನು ಬೆಂಕಿ ಕಾರಿದೆನಲ್ಲ, ಕೊಡದಿರಲು ಕಾಗದ ಬರೆದುಕೊಟ್ಟವಳೇ ನಾನು. ಕ್ಲಿಪ್ಪಿನ ತಪ್ಪು ಒಪ್ಪಿಕೊಂಡು ದೊಡ್ಡತನ ಮೆರೆದೆ. ಇದನ್ನು ನುಂಗಿಕೊಂಡೆ.

ಗುರುವಾರ ಆಸ್ಪತ್ರೆಗೆ ಹೋಗಿ ಮಿಲಿಟರಿಗೆ ಎಲ್ಲ ಹೇಳಿದೆ. ನಿನ್ನ ಕಾಗದ ಓದಿದೆ, ನನ್ನ ಸಹಿಯ ವಿಷಯ ಹೇಳಿದೆ. ಅವನ ಹೆಂಡತಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು.

"ಅಂದ್ರೆ ನನ್ ಕಾಲು ಮುರಿದಿದ್ದು ಒಂದು ಮಾತಿಂದ?"

"ಮಾತಿಂದ, ಕ್ಲಿಪ್ಪಿಂದ, ಪೆಡಲಿಂದ, ಟೈರು ಕಟ್ಟದ ಗೋಡೆಯಿಂದ."

"ಎಲ್ರೂ ಒಂದೊಂದು ಕೈ ಹಾಕಿದೀರಿ. ಪಲ್ಲಕ್ಕಿ ಹೊತ್ತ ಹಾಗೆ."

ನನಗೆ ನಗು ಬಂದು ಅರ್ಧಕ್ಕೆ ನಿಂತಿತು.

"ನಗ್ಬೇಡ. ನಾನು ನಗ್ತಾ ಇಲ್ಲ" ಅಂದ. "ಉಳಿದ ಹತ್ತು ಗಾಡಿ ಆಚೆ ಹೋಗಿಲ್ಲ ತಾನೆ?"

"ಇಲ್ಲ."

"ಹಾಗಿದ್ರೆ ನೀವಿಬ್ರೂ ಇದನ್ನ ಅಧಿಕಾರಿ ಮುಂದೆ ಹೇಳಿ. ನನ್ ಮುಂದೆ ಅಳೋಕೆ ಬರ್ಬೇಡ."

ಅವನ ಹೆಂಡತಿ ನನ್ನನ್ನು ಬಾಗಿಲವರೆಗೂ ಕಳಿಸಿದಳು. ಬಾಗಿಲು ಹಾಕಿಕೊಂಡಳು.

ನಿನ್ನೆ ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ವೆಲ್ಡರಣ್ಣ ಮೇಜು ಗುದ್ದಿದರು. "ನಿನ್ ಸಹಿ ಚೀಟಿ ಅಧಿಕಾರಿಗೆ ನಾವ್ಯಾಕೆ ತೋರಿಸ್ಬೇಕು? ಅವನ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ! ನಿನ್ ಕೆಲಸ ಹೋಗುತ್ತೆ, ವೈರಮ್ಮ."

"ಹೋಗ್ಲಿ ಅಣ್ಣ. ಅದರ ನಕಲು ಅವನ ಹತ್ರ ಇದೆ. ಅವನು ತೆಗೆದಾಗ ನಾವು ತಬ್ಬಿಬ್ಬಾದ್ರೆ, ನಿಮ್ಮ ಹದಿನಾಲ್ಕೂ ಜನರ ಮಾತು ಸುಳ್ಳಾಗುತ್ತೆ. ಹತ್ತು ಗಾಡಿ ಮಾರನೇ ದಿನವೇ ರಸ್ತೆಗಿಳಿಯುತ್ತೆ."

"ನಿಮ್ಮಣ್ಣ ಬರ್ತಾನಾ?"

ಗೊತ್ತಿಲ್ಲ ಎಂದೆ.

ಕೈಯೆತ್ತಿಸಿ ಎಣಿಸಿದರು. ತೋರಿಸಬೇಕು ಎಂದವರು ಎಂಟು, ಬೇಡ ಎಂದವರು ಆರು. ವೆಲ್ಡರಣ್ಣ ಆರರಲ್ಲಿದ್ದರು. ಸೋತ ಮೇಲೂ ಅರ್ಜಿಯನ್ನು ತಾವೇ ಬರೆದರು, ಸುರಕ್ಷತಾ ಕಚೇರಿಗೆ ತಾವೇ ಹೋಗಿ ಕೊಟ್ಟರು. ಅಧಿಕಾರಿ ಬರಲು ಒಪ್ಪಿದ್ದಾರೆ, ಯಜಮಾನನಿಗೂ ನೋಟೀಸು ಹೋಗಿದೆ. ನಮ್ಮ ಬೇಡಿಕೆ ಇಷ್ಟು: ಹತ್ತೂ ಕಾರಿಗೆ ಕಂಪನಿ ಡಬ್ಬ, ಅದರದೇ ಪೆಡಲ್. ಪ್ರತಿ ಕಾರನ್ನೂ ಲಿಫ್ಟಿಗೇರಿಸಿ, ಡ್ರೈವರಿನ ಕಣ್ಣೆದುರು ವೈರು ಕಿತ್ತು, ದೀಪ ಹೊತ್ತಿದ ಮೇಲೆಯೇ ಕೆಳಗಿಳಿಸಬೇಕು. ಹೊರಗಿನ ಡಬ್ಬವೇ ಬೇಕೆಂದು ಅವನು ಹಟ ಹಿಡಿದರೆ, ಕಾವಲು ಬರೆಯುವವರು ಯಾರು, ಪರೀಕ್ಷೆಗೆ ಎಷ್ಟು ದಿನ, ಪಾಸ್‌ವರ್ಡ್ ಯಾರ ಬಳಿ, ಮೂರಕ್ಕೂ ಅವನೇ ಸಹಿ ಹಾಕಲಿ. ಒಂದನೇ ಕಾರಿನ ಹೊಣೆಯನ್ನು ಹಂಚಬೇಕು. ಅವನ ಪಾಲು ಅವನಿಗೆ, ನಿನ್ನದು ನಿನಗೆ, ನನ್ನದು ನನಗೆ.

ನೀನು ಬಂದರೂ ನಿನ್ನ ಕಾಗದ ಓದುತ್ತೇನೆ, ಬಾರದಿದ್ದರೂ ಓದುತ್ತೇನೆ. ಯಜಮಾನ ನಿನಗೆ ಬರೆದ ಕಾಗದದ ಅಸಲು ಬೇಕು. ನೀನು ಡಬ್ಬಕ್ಕೆ ತುಂಬಿದ ಫೈಲು, ಅದಕ್ಕೂ ಮೊದಲಿದ್ದ ಕಂಪನಿಯ ಫೈಲು, ಎರಡೂ ಬೇಕು. ಅಂಚೆಯಲ್ಲಿ ಕಳಿಸಬೇಡ. ಕೈಯಲ್ಲಿ ತಾ. ಇಲ್ಲಿ ಯಾರೂ ನಿನಗೆ ಕೈ ಕುಲುಕುವುದಿಲ್ಲ. ಸ್ಟೂಲು ಸಿಗುತ್ತದೆ.

ವಿಚಾರಣೆ ಏಪ್ರಿಲ್ 4, ಗುರುವಾರ, ಬೆಳಿಗ್ಗೆ ಹತ್ತೂವರೆ. ಶೆಡ್ಡಿನೊಳಗೆ, ಏಳನೇ ನಂಬರಿನ ಕಾರಿನ ಮುಂದೆ.

ತಂಗಿ